ಶಾಲೆ ನಡೆಸುವವರಿಗೊಂದು ಡಾಕ್ಟರೇಟು

ಕಂದಾಯದ ಲೆಕ್ಕದಲ್ಲಿ ತುಮಕೂರು ಒಂದೇ ಜಿಲ್ಲೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು ಕೂಡಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಹೆಸರಿಟ್ಟು, ಅದಕ್ಕೆ ಪ್ರತ್ಯೇಕವಾಗಿ ಒಬ್ಬ ಉಪನಿರ್ದೇಶಕರನ್ನೂ ತಾಲ್ಲೂಕಿಗೊಬ್ಬ ಕ್ಷೇತ್ರ ಶಿಕ್ಷಣಾಧಿಕಾರಿಯನ್ನೂ ಇಲಾಖೆಯು ಕೊಟ್ಟಿದೆ. ಇಂತಹ ಅಧಿಕಾರಿಗಳಿಗೆ ಯಾವ ವಿದ್ಯೆ ಬೇಕೆಂಬ ಜಿಜ್ಞಾಸೆ ಮಾತ್ರ ದೂರದೇಶದಲ್ಲಿ ಬಹುಕಾಲದಿಂದ ನಡೆದುಬಂದಿದೆ.

ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾನಿಲಯವು 1920ರಲ್ಲಿ ತನ್ನ ಶಿಕ್ಷಣಶಾಲೆಯನ್ನು ಸ್ಥಾಪಿಸಿ, ವೈದ್ಯನಿಗೂ ನ್ಯಾಯವಾದಿಗೂ ಇರುವಂತೆಯೇ ಶಾಲಾವ್ಯವಸ್ಥೆಯ ನಾಯಕನಿಗೂ ಒಂದು ವೃತ್ತಿಪದವಿ ಇರತಕ್ಕದ್ದೆಂಬ ಆಶಯದಿಂದ ‘ಎಡ್.ಡಿ.’ ಎಂಬ ಡಾಕ್ಟರೇಟನ್ನು ಆರಂಭಿಸಿತು. ಆದರೆ ಕಾಲಕ್ರಮದಲ್ಲಿ ಅದು ಹೆಸರಿನಿಂದ ವೃತ್ತಿಪದವಿಯಾಗಿ, ಹೂರಣದಿಂದ ಪಿಎಚ್.ಡಿ.ಯೇ ಆಗಿ ಉಳಿಯಿತೆಂಬ ಆಕ್ಷೇಪ ಬಲವಾಗಿ, 2007ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ಆಶ್ರಯದಲ್ಲಿ ಹಲವು ವಿಶ್ವವಿದ್ಯಾನಿಲಯಗಳು ಕೂಡಿ ಆ ಪದವಿಯ ಮರುಚಿಂತನೆಗೆ ತೊಡಗಿದವು. 2010ರಲ್ಲಿ ಹಾರ್ವರ್ಡ್ ಹೊಸದಾಗಿ ಹೊರತಂದ ಮೂರು ವರ್ಷಗಳ ನಾಯಕತ್ವ ಡಾಕ್ಟರೇಟಿನಲ್ಲಿ ಕಡೆಯ ವರ್ಷವನ್ನು ಅಭ್ಯರ್ಥಿಯು ನಿಜವಾದ ಶಿಕ್ಷಣಸಂಸ್ಥೆಯೊಂದರ ಕಾರ್ಯಭಾರದಲ್ಲೇ ಕಳೆಯಬೇಕೆಂದು ವಿಧಿಸಲಾಯಿತು.

ನಮ್ಮಲ್ಲಿ ಶಿಕ್ಷಣಶಾಸ್ತ್ರದ ಮೊದಲ ಪಿಎಚ್.ಡಿ.ಯನ್ನು ಮುಂಬಯಿ ವಿಶ್ವವಿದ್ಯಾನಿಲಯ ಕೊಟ್ಟದ್ದು 1943ರಲ್ಲಿ. ಅಧಿಕಾರಿಗಳ ತರಬೇತಿಗೆಂದು ದೆಹಲಿಯಲ್ಲಿ ಹುಟ್ಟಿದ ರಾಷ್ಟ್ರೀಯ ಸಂಸ್ಥೆ, ನೀಪಾ ಎಂಬ ಹೆಸರು ತಳೆದದ್ದು 1979ರಲ್ಲಿ. ಧಾರವಾಡದಲ್ಲಿ ಶೈಕ್ಷಣಿಕ ಆಡಳಿತದ ರಾಜ್ಯಮಟ್ಟದ ತರಬೇತಿ ಸಂಸ್ಥೆ ಉಂಟು, ಮಧುಗಿರಿಯಲ್ಲಿ ಡಯಟ್ ಎಂಬ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಉಂಟು. ತರಬೇತಿಗೆ ಕೊರತೆಯಿಲ್ಲ, ಆದರೆ ತನ್ನ ಕಚೇರಿಯ ಕಷ್ಟವನ್ನೇ ಸಂಶೋಧನೆಯ ವಸ್ತುವಾಗಿಸಿಕೊಂಡು, ಅದರ ಪರಿಹಾರಕ್ಕಾಗಿಯೇ ಪದವಿ ಪಡೆಯುವ ಪದ್ಧತಿ ನಮ್ಮಲ್ಲಿ ಬೇರೂರಲಿಲ್ಲ.

ಅಂತಹ ಕಷ್ಟ ಏನೆಂದು ತಿಳಿಯಲು ಪಾವಗಡವನ್ನು ನೋಡಬೇಕು. ಬಹುಪಾಲು ಆಂಧ್ರದ ಸೀಮೆಯಿಂದ ಸುತ್ತುವರಿದ ಈ ತಾಲ್ಲೂಕಿನ ಎಷ್ಟೋ ಊರುಗಳಲ್ಲಿ ಮನೆಮಾತು ತೆಲುಗು. ಅಮ್ಮನೊಡನೆ ತೆಲುಗಿನಲ್ಲಿ ಹಟಮಾಡಿ ಬಂದ ಮಗು ಕನ್ನಡದಲ್ಲಿ ಅಕ್ಷರ ತಿದ್ದಬೇಕು. ಆ ಮಗುವಿನ ಮಾತಿಗೆ ಮೇಷ್ಟರು ಎಷ್ಟು ದಿನ ಓಗೊಡಬೇಕು, ತೆಲುಗು ಬಾರದವರನ್ನು ಅಲ್ಲಿಗೆ ನೇಮಿಸಿದಾಗ ಗತಿಯೇನು, ಒಂದನೆಯ ತರಗತಿಯ ಹಿನ್ನಡೆ ಹತ್ತನೆಯ ತರಗತಿಯ ಫಲಿತಾಂಶದವರೆಗೆ ಹಿಂಬಾಲಿಸುವುದೆ? ತುಮಕೂರಿಗೆ ಸಮೀಪದ ಕೊರಟಗೆರೆಗಾಗಲಿ ಹೆದ್ದಾರಿಯ ಶಿರಾಕ್ಕಾಗಲಿ ಈ ಪ್ರಶ್ನೆಗಳು ಇದೇ ತೀವ್ರತೆಯಿಂದ ಎದುರಾಗುವಂತೆ ಕಾಣೆ. ಇವಕ್ಕೆ ಉತ್ತರ ಹುಡುಕಲು ಗ್ರಂಥಾಲಯಕ್ಕಿಂತ ಅಲ್ಲಿಯ ಶಾಲೆಗಳಿಗೆ ನಿತ್ಯ ಹೋಗಿಬರುವ ಅಧಿಕಾರಿಯೇ ಅರ್ಹನೆಂದು ನನ್ನ ಎಣಿಕೆ.

ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ನಿಯಮಾವಳಿಯು, ನಿರಾಕ್ಷೇಪಣಾ ಪತ್ರವೊಂದಿದ್ದರೆ ನೌಕರಿಯಲ್ಲಿರುವವರೂ ಅರೆಕಾಲಿಕವಾಗಿ ಪಿಎಚ್.ಡಿ. ಮಾಡಬಹುದೆಂದು ಬಾಗಿಲು ತೆರೆದಿದೆ. ಕನಿಷ್ಠ ಅವಧಿ ಮೂರು ವರ್ಷ. ಅಷ್ಟರೊಳಗೆ ವರ್ಗಾವಣೆಯ ಆದೇಶ ಬಾರದಿದ್ದರೆ ಪಾವಗಡದ ಕ್ಷೇತ್ರ ಶಿಕ್ಷಣಾಧಿಕಾರಿ ಸಾಹೇಬರು ಪಾವಗಡದ ಮೇಲೆಯೇ ಪ್ರಬಂಧ ಮುಗಿಸಿಯಾರು.