ನಿದ್ದೆಯ ಅಲೆಗಳೂ ನೆನಪಿನ ಖಾತೆಯೂ

ಎಪ್ಪತ್ತು ದಾಟಿದ ಹಿರಿಯರಿರುವ ಮನೆಗಳಲ್ಲಿ ಈ ದೃಶ್ಯ ಅಪರೂಪವಲ್ಲ. ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಕುಮಾರವ್ಯಾಸನ ಪದ್ಯಗಳನ್ನು ತಾತ ಇಂದಿಗೂ ಒಂದಕ್ಷರ ತಪ್ಪದೆ ಹೇಳಬಲ್ಲರು. ಮೊದಲ ತಿಂಗಳ ಸಂಬಳದಲ್ಲಿ ಏನೇನು ಕೊಂಡರೆಂಬುದನ್ನೂ ವಿವರಿಸಬಲ್ಲರು. ಆದರೆ ನಿನ್ನೆ ಸಂಜೆ ಬಂದುಹೋದವರು ಯಾರೆಂದು ಕೇಳಿದರೆ ತಡವರಿಸುತ್ತಾರೆ. ಮಾತ್ರೆಯ ವೇಳೆ ಬದಲಾದುದು ಬೆಳಗಾಗುವುದರೊಳಗೆ ಮರೆತುಹೋಗಿರುತ್ತದೆ. "ನಿನ್ನೆ ತಾನೆ ಹೇಳಿದ್ದೆನಲ್ಲ, ಮಾವ" ಎಂದು ಸೊಸೆ ಬೇಸರಪಡುತ್ತಾಳೆ. ಮೊಮ್ಮಕ್ಕಳು ಮುಸಿಮುಸಿ ನಗುತ್ತಾರೆ. ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಯಾರದೋ ಬಾಯಿಂದ ಹೊರಡುತ್ತದೆ. ತಾತನ ಮುಖ ಬಾಡುತ್ತದೆ.

ಹಳೆಯದೆಲ್ಲ ಭದ್ರವಾಗಿರುವಾಗ ಹೊಸದು ಮಾತ್ರ ಏಕೆ ನಿಲ್ಲುವುದಿಲ್ಲ? ಈ ಪ್ರಶ್ನೆಗೆ ಉತ್ತರದ ಒಂದು ಮುಖ್ಯ ಭಾಗ ಹಗಲಿನಲ್ಲಿಲ್ಲ, ರಾತ್ರಿಯ ನಿದ್ದೆಯಲ್ಲಿದೆ ಎಂದು ವಿಜ್ಞಾನಿಗಳು ಈಗ ಹೇಳುತ್ತಿದ್ದಾರೆ.

ಕಿರ್ದಿಯಿಂದ ಖಾತೆಗೆ

ವ್ಯಾಪಾರದ ಅಂಗಡಿಯಲ್ಲಿ ಹಗಲಿನ ವ್ಯವಹಾರವನ್ನೆಲ್ಲ ಮೊದಲು ಕಿರ್ದಿ ಪುಸ್ತಕದಲ್ಲಿ ಬರೆಯುವುದು ಪದ್ಧತಿ. ಬಾಗಿಲು ಹಾಕಿದ ಮೇಲೆ ಗುಮಾಸ್ತನು ದೀಪದ ಮುಂದೆ ಕುಳಿತು ಒಂದೊಂದನ್ನೂ ಆಯಾ ಖಾತೆಗೆ ಏರಿಸುತ್ತಾನೆ. ನಮ್ಮ ಮಿದುಳಿನ ಪದ್ಧತಿಯೂ ಸುಮಾರಾಗಿ ಹೀಗೆಯೆ. ಮಿದುಳಿನ ಒಳಗೆ ಎಡಕ್ಕೊಂದು ಬಲಕ್ಕೊಂದರಂತೆ, ಸಮುದ್ರಕುದುರೆಯ ಆಕಾರದ ಎರಡು ಪುಟ್ಟ ಭಾಗಗಳಿವೆ. ಇವಕ್ಕೆ ಹಿಪೊಕ್ಯಾಂಪಸ್ ಎಂದು ಹೆಸರು. ದಿನದ ಅನುಭವಗಳು ಮೊದಲು ದಾಖಲಾಗುವ ಕಿರ್ದಿ ಇದು. ಮಿದುಳಿನ ಹೊರಪದರವಾದ ಕಾರ್ಟೆಕ್ಸ್ ಬಹುಕಾಲ ಉಳಿಯುವ ಖಾತೆ.

ಈ ಎರಡರ ಭೇದವನ್ನು ಜಗತ್ತಿಗೆ ತಿಳಿಸಿಕೊಟ್ಟವನು ಒಬ್ಬ ದುರದೃಷ್ಟವಂತ ರೋಗಿ. ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ 1953ರಲ್ಲಿ ಹೆನ್ರಿ ಮೊಲೈಸನ್ ಎಂಬ 27 ವರ್ಷದ ತರುಣನ ಮೂರ್ಛೆರೋಗವನ್ನು ಶಮನಗೊಳಿಸುವ ಸಲುವಾಗಿ, ಶಸ್ತ್ರವೈದ್ಯ ವಿಲಿಯಂ ಸ್ಕೊವಿಲ್ ಅವರು ಅವನ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ಎರಡು ಕಡೆಗಳಿಂದಲೂ ತೆಗೆದುಹಾಕಿದರು. ಮೂರ್ಛೆಯೇನೋ ಕಡಿಮೆಯಾಯಿತು. ಬಾಲ್ಯದ ನೆನಪುಗಳೂ ಉಳಿದುವು. ಆದರೆ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸ ಘಟನೆಯೊಂದನ್ನು ಅವನು ನೆನಪಿನಲ್ಲಿಟ್ಟುಕೊಳ್ಳಲಾರದೆ ಹೋದನು. ಅವನನ್ನು ವರ್ಷಗಟ್ಟಲೆ ಪರೀಕ್ಷಿಸಿದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರು ಪ್ರತಿ ಭೇಟಿಯಲ್ಲಿಯೂ ಅವನಿಗೆ ಹೊಸಬರೇ. ಕಿರ್ದಿ ಹೋಯಿತು, ಖಾತೆ ಉಳಿಯಿತು. ತಾತನ ಪದ್ಯಗಳು ಇಂದಿಗೂ ಏಕೆ ಭದ್ರವೆಂಬುದು ಇದರಿಂದ ತಿಳಿಯುತ್ತದೆ; ಅವು ಎಂದೋ ಖಾತೆಗೆ ಏರಿದ ಸಂಗತಿಗಳು.

ಈ ಏರಿಸುವ ಕೆಲಸ ನಡೆಯುವುದು ಯಾವಾಗ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಅವರು 1924ರಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಕಲಿಸಿ ನೋಡಿದರು. ಕಲಿತ ಮೇಲೆ ಎಚ್ಚರವಾಗಿದ್ದಾಗ ಮರೆತುದಕ್ಕಿಂತ, ನಿದ್ದೆ ಮಾಡಿ ಎದ್ದಾಗ ಮರೆತುದು ಬಹಳ ಕಡಿಮೆಯಾಗಿತ್ತು. 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ಎಂಬ ವಿಜ್ಞಾನಿಗಳು ಇಲಿಗಳಲ್ಲಿ ಇನ್ನೂ ಸೋಜಿಗದ ಸಂಗತಿಯನ್ನು ಕಂಡರು. ಇಲಿ ಓಡಾಡುವಾಗ ಹಿಪೊಕ್ಯಾಂಪಸ್‌ನಲ್ಲಿ ಜೊತೆಜೊತೆಯಾಗಿ ಮಿಡಿದ ಜೀವಕೋಶಗಳು, ಅದು ಮಲಗಿದ ಮೇಲೆ ಮತ್ತೆ ಜೊತೆಜೊತೆಯಾಗಿ ಮಿಡಿಯುತ್ತಿದ್ದುವು. ಅಂಗಡಿಯ ಬಾಗಿಲು ಮುಚ್ಚಿದೆ. ಗುಮಾಸ್ತನು ಕಿರ್ದಿಯನ್ನು ಓದುತ್ತಿದ್ದಾನೆ!

ರಾತ್ರಿಯ ಎರಡು ಅಲೆಗಳು

ಈ ಕೆಲಸವನ್ನು ಹೊರಗಿನಿಂದ ನೋಡುವ ಕಿಟಕಿಯನ್ನು ತೆರೆದವರು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. ಮನುಷ್ಯನ ಮಿದುಳಿನಲ್ಲಿ ಹುಟ್ಟುವ ವಿದ್ಯುತ್ ಅಲೆಗಳನ್ನು 1924ರಲ್ಲಿ ಅವರು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಎಚ್ಚರವಿದ್ದು ಕಣ್ಣು ಮುಚ್ಚಿ ಕುಳಿತವರ ಮಿದುಳಿನಲ್ಲಿ ಸೆಕೆಂಡಿಗೆ 8ರಿಂದ 13 ಅಲೆಗಳು ಏಳುತ್ತವೆ. ಗಾಢನಿದ್ದೆಯಲ್ಲಿಯಾದರೋ ಸೆಕೆಂಡಿಗೆ ಒಂದು, ಕೆಲವೊಮ್ಮೆ ಅದಕ್ಕೂ ನಿಧಾನವಾಗಿ, ಎತ್ತರವಾದ ಅಲೆಗಳು ಉರುಳಿ ಬರುತ್ತವೆ. ಅಸಂಖ್ಯ ಜೀವಕೋಶಗಳು ಒಟ್ಟಿಗೆ ಏಳುತ್ತ ಒಟ್ಟಿಗೆ ಮಲಗುತ್ತ ಇರುವುದರಿಂದಲೇ ಅವಕ್ಕೆ ಆ ಎತ್ತರ.

ಇವುಗಳ ನಡುವೆ ಇನ್ನೊಂದು ಬಗೆಯ ಕಿರು ಅಲೆಗಳು ಕಾಣುತ್ತವೆ. ಸೆಕೆಂಡಿಗೆ 12ರಿಂದ 15 ಮಿಡಿತಗಳ ವೇಗದಲ್ಲಿ ಹೊರಟು, ಒಂದೆರಡು ಸೆಕೆಂಡುಗಳೊಳಗೆ ಅಡಗಿಹೋಗುವ ಈ ಗೊಂಚಲುಗಳು ನೂಲು ಸುತ್ತಿದ ಕದಿರಿನಂತೆ ನಡುವೆ ಉಬ್ಬಿ ತುದಿಗಳಲ್ಲಿ ಸಣ್ಣಗಾಗುತ್ತವೆ. ಆದುದರಿಂದ ಇವನ್ನು ಕದಿರಲೆಗಳೆಂದು ಕರೆಯಬಹುದು.

ನಿಧಾನವಾದ ದೊಡ್ಡ ಅಲೆಯ ನೆತ್ತಿಯ ಹತ್ತಿರ ಕದಿರಲೆ ಬಂದು ಕುಳಿತಾಗ ಆ ದಿನದ ಕಲಿಕೆ ಖಾತೆಗೆ ಚೆನ್ನಾಗಿ ಏರುತ್ತದೆ. ಉಯ್ಯಾಲೆ ತೂಗುವವರನ್ನು ನೆನೆದುಕೊಳ್ಳಿ. ತಕ್ಕ ಕ್ಷಣದಲ್ಲಿ ಮೆಲ್ಲಗೆ ತಳ್ಳಿದರೂ ಉಯ್ಯಾಲೆ ಮೇಲೇರುತ್ತದೆ. ಕ್ಷಣ ತಪ್ಪಿದರೆ ಎಷ್ಟು ಬಲ ಹಾಕಿದರೂ ವ್ಯರ್ಥ.

ವೇಳೆ ತಪ್ಪಿದಾಗ

ವಯಸ್ಸಾದಂತೆ ತಪ್ಪುವುದು ಈ ವೇಳೆಯೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕಲಿ ಶಾಖೆಯ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2013ರಲ್ಲಿ 18 ತರುಣರನ್ನೂ 15 ಹಿರಿಯರನ್ನೂ ಪರೀಕ್ಷಿಸಿದರು. ಮಲಗುವ ಮುನ್ನ ಪದಗಳ ಜೋಡಿಗಳನ್ನು ಕಲಿಸಿ, ರಾತ್ರಿಯೆಲ್ಲ ಅಲೆಗಳನ್ನು ದಾಖಲಿಸಿ, ಬೆಳಗ್ಗೆ ಪ್ರಶ್ನಿಸಿದರು. ಹಿರಿಯರ ಗಾಢನಿದ್ದೆಯ ಗುಣ ಸರಾಸರಿ ಶೇಕಡಾ 75ರಷ್ಟೂ, ಮರುದಿನದ ನೆನಪು ಶೇಕಡಾ 55ರಷ್ಟೂ ತರುಣರಿಗಿಂತ ಕಡಿಮೆಯಾಗಿತ್ತು. ಹಣೆಯ ಹಿಂದಿನ ಮಿದುಳಿನ ಭಾಗ ವಯಸ್ಸಿನೊಡನೆ ಸವೆಯುತ್ತದೆ. ನಿಧಾನ ಅಲೆಗಳು ಮುಖ್ಯವಾಗಿ ಹುಟ್ಟುವುದು ಅಲ್ಲಿಯೆ.

ಅದೇ ಬರ್ಕಲಿಯಲ್ಲಿ ರಾಂಡಾಲ್ಫ್ ಹೆಲ್‌ಫ್ರಿಕ್ ಮೊದಲಾದವರು 2017ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸೂಕ್ಷ್ಮವಾದುದು. 20 ತರುಣರು ಮತ್ತು 32 ಹಿರಿಯರ ನಿದ್ದೆಯನ್ನು ಹೋಲಿಸಿದಾಗ, ಹಿರಿಯರಲ್ಲಿ ಕದಿರಲೆಯು ದೊಡ್ಡ ಅಲೆಯ ನೆತ್ತಿಗೆ ಸರಿಯಾಗಿ ಬಂದು ಸೇರುತ್ತಿರಲಿಲ್ಲ. ಅಂತರ ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನಷ್ಟು. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲದ ಈ ತಪ್ಪಿನಿಂದಲೇ ಬೆಳಗಾಗುವುದರೊಳಗೆ ನೆನಪು ಜಾರಿಹೋಗುತ್ತಿತ್ತು.

ತಾತನನ್ನು ಕಂಡು ನಗುವ ನಡುವಯಸ್ಸಿನ ಗೃಹಸ್ಥರು ಇನ್ನೊಂದು ಲೆಕ್ಕವನ್ನು ನೋಡಬೇಕು. ಷಿಕಾಗೋ ವಿಶ್ವವಿದ್ಯಾನಿಲಯದವರು 149 ಗಂಡಸರ ನಿದ್ದೆಯನ್ನು ಅಳೆದು 2000ದಲ್ಲಿ ಪ್ರಕಟಿಸಿದ ಪ್ರಕಾರ, 16ರಿಂದ 25ರ ವಯಸ್ಸಿನಲ್ಲಿ ನಿದ್ದೆಯ ಶೇಕಡಾ 18.9ರಷ್ಟಿದ್ದ ಗಾಢನಿದ್ದೆ, 36ರಿಂದ 50ರ ವಯಸ್ಸಿಗೇ ಶೇಕಡಾ 3.4ಕ್ಕೆ ಇಳಿದಿತ್ತು. ಅರಳುಮರಳು ಅರವತ್ತನ್ನು ಕಾಯುವುದಿಲ್ಲ!

ಮಾಡಬಹುದಾದುದೇನು?

ಇದನ್ನು ತಿದ್ದಬಹುದೆ? ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ 2017ರಲ್ಲಿ 60 ದಾಟಿದ 13 ಮಂದಿಗೆ, ನಿದ್ದೆಯ ಅಲೆ ಏಳುವ ಕ್ಷಣವನ್ನೇ ಹಿಡಿದು ನೀರು ಸುರಿಯುವಂತಹ ಮೆಲುಸದ್ದನ್ನು ಕೇಳಿಸಿದಾಗ ಅಲೆಗಳು ಬಲಗೊಂಡುವು. ಮರುದಿನದ ನೆನಪೂ ಉತ್ತಮಗೊಂಡಿತು. ಆದರೆ ಅನಂತರದ ಪ್ರಯೋಗಗಳಲ್ಲೆಲ್ಲ ಇಂತಹ ಫಲ ದೊರೆತಿಲ್ಲ. ಆದುದರಿಂದ ಅವಸರದ ಆಸೆ ಸಲ್ಲದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಪಶ್ಯನ ಧ್ಯಾನವನ್ನೋ ಸುದರ್ಶನ ಕ್ರಿಯೆಯನ್ನೋ ಅಭ್ಯಾಸ ಮಾಡುತ್ತಿದ್ದ ನಡುವಯಸ್ಕರಲ್ಲಿ, ಅಭ್ಯಾಸವಿಲ್ಲದ ಸಮವಯಸ್ಕರಿಗಿಂತ ಗಾಢನಿದ್ದೆ ಹೆಚ್ಚಾಗಿ ಉಳಿದಿತ್ತು. ಧ್ಯಾನವೇ ಕಾರಣವೋ, ಧ್ಯಾನಿಗಳ ಒಟ್ಟು ಜೀವನಕ್ರಮವೋ ಎಂಬುದು ಇಂತಹ ಹೋಲಿಕೆಯಿಂದ ನಿರ್ಧಾರವಾಗದು. ಆದರೂ ಗಮನಾರ್ಹವಾದ ಸಂಗತಿ.

ಮನೆಯವರ ಕೈಯಲ್ಲಿರುವುದು ಇವಕ್ಕಿಂತ ಸರಳ. ಹಗಲಿನಲ್ಲಿ ಹಿರಿಯರು ಬಿಸಿಲು ಕಾಣಲಿ, ನಾಲ್ಕು ಹೆಜ್ಜೆ ನಡೆಯಲಿ. ಮಧ್ಯಾಹ್ನದ ನಿದ್ದೆ ಚಿಕ್ಕದಾಗಿರಲಿ. ರಾತ್ರಿ ಅವರು ಮಲಗಿದ ಮೇಲೆ ಪಕ್ಕದ ಕೋಣೆಯ ಟೆಲಿವಿಷನ್ ಸುಮ್ಮನಿರಲಿ. ಗೊರಕೆಯ ನಡುವೆ ಉಸಿರು ಆಗಾಗ ಕಟ್ಟುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು, ಅದಕ್ಕೆ ಚಿಕಿತ್ಸೆಯುಂಟು. ನಿದ್ದೆಯ ಮಾತ್ರೆಯನ್ನು ತಾವಾಗಿಯೇ ಕೊಂಡು ನುಂಗುವುದು ತರವಲ್ಲ. ಬೆಂಜೊಡಯಾಜೆಪೀನ್ ವರ್ಗದ ಮಾತ್ರೆಗಳು ಕಣ್ಣು ಮುಚ್ಚಿಸುತ್ತವೆಯೇ ಹೊರತು ಆ ನಿಧಾನ ಅಲೆಗಳನ್ನು ತಗ್ಗಿಸುತ್ತವೆ. ಎಂದಿನಿಂದಲೂ ಸೇವಿಸುತ್ತಿರುವವರು ಮಾತ್ರ ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು.

ಎಲ್ಲ ಮರೆವಿಗೂ ನಿದ್ದೆಯೊಂದೇ ಕಾರಣವೆಂದು ತಿಳಿಯುವುದೂ ತಪ್ಪು. ಪರಿಚಿತ ಬೀದಿಯಲ್ಲಿ ದಾರಿ ತಪ್ಪುವುದು, ಮನೆಯವರ ಗುರುತೇ ಹತ್ತದಿರುವುದು ವಯೋಧರ್ಮವಲ್ಲ, ರೋಗದ ಸೂಚನೆ. ಅಲ್ಲಿ ಕಾಲಹರಣ ಸಲ್ಲದು.

ಉಳಿದಂತೆ, ತಾತ ನಿನ್ನೆಯ ಮಾತನ್ನು ಇಂದು ಮರೆತರೆ ಅದು ಅಲಕ್ಷ್ಯವಲ್ಲ, ಹಟವಲ್ಲ. ಹಗಲಿನಲ್ಲಿ ಅವರು ಶ್ರದ್ಧೆಯಿಂದಲೇ ಕೇಳಿದ್ದರು. ಕಿರ್ದಿಯಲ್ಲಿ ಬರೆದೂ ಇದ್ದರು. ರಾತ್ರಿ ಕುಳಿತ ಗುಮಾಸ್ತನಿಗೆ ವಯಸ್ಸಾಗಿದೆ, ಕೈ ತುಸು ತಡವರಿಸಿದೆ, ಅಷ್ಟೆ. ಮಾತ್ರೆಯ ವೇಳೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸೋಣ. ಕೇಳಿದರೆ ಇನ್ನೊಮ್ಮೆ, ಬೇಸರವಿಲ್ಲದೆ, ಹೇಳೋಣ. ನಾವು ಚಿಕ್ಕವರಾಗಿದ್ದಾಗ ಒಂದೇ ಕಥೆಯನ್ನು ನಮಗಾಗಿ ಅವರು ಎಷ್ಟು ಸಲ ಹೇಳಿರಲಿಲ್ಲ!