ಎಂಟು ಮತ್ತು ಒಂಬತ್ತರ ನಡುವಿನ ದಾರ

ಕನ್ನಡ ಪುಸ್ತಕಗಳಲ್ಲಿ ಶೀರ್ಷಿಕೆಯ ಪುಟ ತಿರುವಿದರೆ ಬೆನ್ನಿಗೇ ಸಣ್ಣ ಅಕ್ಷರದ ಪುಟವೊಂದು ಬರುತ್ತದೆ. ಹಕ್ಕು ಯಾರದು, ಬೆಲೆ ಎಷ್ಟು ಎಂಬುದರ ಜೊತೆಗೆ ಅಲ್ಲಿ ‘ಡೆಮಿ 1/8’, ‘70 ಜಿ.ಎಸ್‌.ಎಂ. ಮ್ಯಾಪ್ಲಿಥೊ’, ‘ಪುಟಗಳು: 16+184’ ಎಂದೆಲ್ಲ ಇರುತ್ತದೆ. ಹೆಚ್ಚಿನವರು ಅದನ್ನು ಹಾರಿಸಿ ಮುನ್ನುಡಿಗೆ ಹೋಗುತ್ತಾರೆ. (ಮುನ್ನುಡಿಯನ್ನೂ ಹಾರಿಸುವವರ ಮಾತು ಬೇರೆ.) ಪುಸ್ತಕ ಹೇಗೆ ಹುಟ್ಟಿತು ಎಂಬ ಕತೆ ಮಾತ್ರ ಆ ಪುಟದಲ್ಲೇ ಇದೆ.

ಜಿ.ಎಸ್‌.ಎಂ. ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ತೀರಾ ಕಡಿಮೆಯಾದರೆ ಹಿಂಬದಿಯ ಅಕ್ಷರ ಮುಂದಕ್ಕೆ ಇಣುಕುತ್ತದೆ. ಮ್ಯಾಪ್ಲಿಥೊ ನಮ್ಮ ಆಫ್‌ಸೆಟ್ ಮುದ್ರಣಕ್ಕೆ ಒಗ್ಗಿದ, ಹೊಳಪಿನ ಲೇಪವಿಲ್ಲದ ಬಿಳಿ ಕಾಗದ. ಸ್ವಾರಸ್ಯ ಇರುವುದು ‘ಡೆಮಿ 1/8’ರಲ್ಲಿ.

ಡೆಮಿ ಎಂದರೆ 17.5 ಇಂಚು ಅಗಲ, 22.5 ಇಂಚು ಉದ್ದದ ಹಾಳೆ. ಮೂರು ಸಲ ಮಡಿಸಿದರೆ ಎಂಟು ಎಲೆ, ಹದಿನಾರು ಪುಟ. ಒಂದು ಎಲೆ ಇಡೀ ಹಾಳೆಯ ಎಂಟನೇ ಒಂದು ಪಾಲು. ಅಂಚು ಕತ್ತರಿಸಿದ ಮೇಲೆ ಉಳಿಯುವುದು ಸುಮಾರು 5.5×8.5 ಇಂಚು, ಅಂದರೆ ಇವತ್ತಿನ ಸಾಮಾನ್ಯ ಕಾದಂಬರಿಯ ಗಾತ್ರ. 15×20 ಇಂಚಿನ ಕ್ರೌನ್ ಹಾಳೆಯನ್ನು ಹೀಗೇ ಮಡಿಸಿದರೆ ಕೈಗೆ ಹಗುರವಾದ ಕ್ರೌನ್ 1/8. ಮಡಿಸಿದ ಈ ಹದಿನಾರು ಪುಟದ ಕಟ್ಟೇ ಫಾರಂ. ಪ್ರೆಸ್ಸಿನವರು ಪುಟ ಎಣಿಸುವುದಿಲ್ಲ, ‘ಹನ್ನೆರಡೂವರೆ ಫಾರಂ ಆಗುತ್ತೆ ಸಾರ್’ ಎನ್ನುತ್ತಾರೆ. 16+184 ಎಂದರೆ ಅಷ್ಟೇ. ಕೊನೆಯಲ್ಲಿ ಪುಟ ಮಿಕ್ಕಾಗ ಪ್ರಕಾಶಕರ ಇತರ ಪುಸ್ತಕಗಳ ಪಟ್ಟಿ ಬಂದು ಕೂರುವುದು ಎಷ್ಟೋ ಸಲ ಫಾರಂ ತುಂಬಲಿಕ್ಕೆ.

ಮಡಿಸುವ ಮುಂಚಿನ ಹಾಳೆಯನ್ನು ಒಮ್ಮೆ ನೋಡಬೇಕು. ಕೆಳಸಾಲಿನಲ್ಲಿ 4, 13, 16, 1. ಮೇಲುಸಾಲಿನಲ್ಲಿ 5, 12, 9, 8, ಅದೂ ತಲೆಕೆಳಗಾಗಿ. ಮೊದಲ ಸಲ ಕಂಡವರಿಗೆ ಯಾರೋ ಎಡವಟ್ಟು ಮಾಡಿದ್ದಾರೆ ಅನ್ನಿಸುತ್ತದೆ. ಆದರೆ ಅಕ್ಕಪಕ್ಕದ ಜೋಡಿಗಳನ್ನು ಕೂಡಿ ನೋಡಿ: 4ಕ್ಕೆ 13, 16ಕ್ಕೆ 1, 5ಕ್ಕೆ 12, 9ಕ್ಕೆ 8. ಎಲ್ಲದರ ಮೊತ್ತವೂ 17. ಹಿಂಬದಿಯಲ್ಲೂ ಹಾಗೇ. ಮಡಿಸುತ್ತ ಹೋದಂತೆ ತಲೆಕೆಳಗಾದದ್ದು ನೆಟ್ಟಗಾಗಿ, ಒಂದರ ಹಿಂದೆ ಎರಡು ಬಂದು ನಿಲ್ಲುತ್ತದೆ. ಈಗ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕುತ್ತಾರೆ, ಪುಟ ಜೋಡಿಸುವುದು ಕಂಪ್ಯೂಟರ್. ಲೆಕ್ಕ ಮಾತ್ರ ಅದೇ.

ಮಡಿಕೆಗೂ ದಿಕ್ಕಿದೆ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಬಹುಪಾಲು ಒಂದೇ ಕಡೆಗೆ ಮಲಗಿರುತ್ತವೆ. ಅವು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿದ್ದರೆ ಹಾಳೆ ಸಲೀಸಾಗಿ ಬಾಗುತ್ತದೆ. ಅಡ್ಡಡ್ಡ ಇದ್ದರೆ ಪುಸ್ತಕ ತೆರೆದಿಟ್ಟಲ್ಲಿ ನಿಲ್ಲದೆ ಮುಚ್ಚಿಕೊಳ್ಳಲು ಹವಣಿಸುತ್ತದೆ. ಕಾಗದ ಉಳಿಸುವ ಭರದಲ್ಲಿ ಇದನ್ನು ಮರೆಯುವ ಪ್ರಕಾಶಕರ ಮೇಲೆ ನನಗೆ ಸಿಟ್ಟಿದೆ.

ಫಾರಂಗಳನ್ನು ಕ್ರಮವಾಗಿ ಒಟ್ಟುವಾಗ ಬೈಂಡರು ಪುಟ ತಿರುವಿ ನೋಡುವುದಿಲ್ಲ. ಪ್ರತಿ ಫಾರಂನ ಬೆನ್ನಿನ ಮಡಿಕೆಯ ಮೇಲೆ ಸಣ್ಣ ಕಪ್ಪು ಗುರುತೊಂದು ಅಚ್ಚಾಗಿರುತ್ತದೆ, ಒಂದಕ್ಕಿಂತ ಒಂದರಲ್ಲಿ ತುಸು ಕೆಳಗೆ. ಒಟ್ಟಿದಾಗ ಅವೆಲ್ಲ ಸೇರಿ ಮೆಟ್ಟಿಲು ಇಳಿದಂತೆ ಕಾಣಬೇಕು. ಒಂದು ಮೆಟ್ಟಿಲು ತಪ್ಪಿದ್ದರೆ ಫಾರಂ ಬಿಟ್ಟುಹೋಗಿದೆ, ಒಂದೇ ಮಟ್ಟದಲ್ಲಿ ಎರಡಿದ್ದರೆ ಅದೇ ಫಾರಂ ಎರಡು ಸಲ ಸೇರಿದೆ.

ಆಮೇಲೆ ಹೊಲಿಗೆ. ಸೂಜಿ ಫಾರಂನ ನಟ್ಟನಡುವಿನ ಮಡಿಕೆಯಲ್ಲಿ ಒಳಹೊಕ್ಕು, ಬೆನ್ನಿನಿಂದ ಹೊರಬಂದು, ಪಕ್ಕದ ಫಾರಂಗೆ ಹೋಗುತ್ತದೆ. ಪ್ರತಿ ಎಲೆಯನ್ನೂ ಅದರ ಜೋಡಿ ಎಲೆ ಹಿಡಿದಿರುತ್ತದೆ, ಜೋಡಿಯನ್ನು ದಾರ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನಿಂದ ಹೊರಬಂದ ಕಿಟೆಲ್ಲರ ನಿಘಂಟಿನಷ್ಟು ದಪ್ಪದ ಗ್ರಂಥ ತಲೆಮಾರುಗಟ್ಟಲೆ ಕೈಯಿಂದ ಕೈಗೆ ದಾಟಿ ಉಳಿಯಬೇಕಾದರೆ ಇಂಥ ಹಿಡಿತವೇ ಬೇಕು. ಮೇಲಿನ ರಟ್ಟಿಗೆ ಹಳೆಯ ಬೈಂಡರುಗಳು ಮೈದಾ ಅಂಟು ಕಾಯಿಸಿ, ಹುಳು ಬೀಳದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದರು.

ಇಂದು ಹೆಚ್ಚು ಕಾಣುವುದು ಪರ್ಫೆಕ್ಟ್ ಬೈಂಡಿಂಗ್. ಬೆನ್ನಿನ ಮಡಿಕೆಗಳನ್ನೇ ಕೊರೆದು ತೆಗೆದು, ಒರಟುಗೊಳಿಸಿ, ಬಿಸಿ ಅಂಟು ಬಳಿದು ರಕ್ಷಾಪುಟ ಹೊದಿಸುತ್ತಾರೆ. ಬೇಗ ಮುಗಿಯುತ್ತದೆ, ಅಗ್ಗ. ಆದರೆ ಒಂದೊಂದು ಎಲೆಯೂ ಬರೀ ಅಂಚಿನಲ್ಲಿ ಅಂಟಿಕೊಂಡಿರುತ್ತದೆ. ಅಂಟು ಒಣಗಿ ಬಿರಿದರೆ ಉದುರುವುದು ಬಿಡಿಬಿಡಿ ಹಾಳೆ. ಒಂದೇ ಓದಿನ ಪುಸ್ತಕಕ್ಕೆ ನನ್ನ ತಕರಾರಿಲ್ಲ, ನಿಘಂಟಿಗೂ ಅದನ್ನೇ ಮಾಡಿದರೆ ಇದೆ.

ಅಂಗಡಿಯಲ್ಲಿ ಪರೀಕ್ಷಿಸುವುದು ಸುಲಭ. ಮೊದಲ ಪುಟಗಳನ್ನು ಬೇರೆಯಾಗಿ ಎಣಿಸಿದ 16+184ರಂಥ ಪುಸ್ತಕವಾದರೆ 8-9ನೇ ಪುಟದ ನಡುವೆ ತೆರೆಯಿರಿ, ಇಲ್ಲವೇ 24-25, 40-41. ಹೊಲಿದಿದ್ದರೆ ಬಿಳಿ ದಾರ ಅಲ್ಲೇ ಸಿಗುತ್ತದೆ.