ಮೂಲೆ ಹಿಡಿದ ಮರಿ ಮನೆಯದಾಗುವ ಬಗೆ

ಪರೀಕ್ಷೆ ಮುಗಿದು ರಜೆ ಬಂತೆಂದರೆ ಅನೇಕ ಮನೆಗಳಲ್ಲಿ ಒಂದು ಬೇಡಿಕೆ ತಪ್ಪದೆ ಮಂಡನೆಯಾಗುತ್ತದೆ: ‘ನಮಗೊಂದು ನಾಯಿಮರಿ ಬೇಕು.’ ‘ತರುವವರು ನೀವು, ಅದರ ಗಲೀಜು ಬಳಿಯುವವಳು ನಾನು’ ಎಂದು ಅಮ್ಮ ಗೊಣಗುತ್ತಾರೆ. ‘ಮೊದಲು ರಿಸಲ್ಟ್ ಬರಲಿ’ ಎಂದು ಅಪ್ಪ ವಿಷಯವನ್ನು ಮುಂದೂಡುತ್ತಾರೆ. ಮಕ್ಕಳು ಹಟ ಬಿಡದೆ ಗೆದ್ದರೆನ್ನಿ, ಆಮೇಲಿನ ಪ್ರಶ್ನೆ ಯಾವ ಜಾತಿಯ ಮರಿ ಎಂಬುದು. ಈ ವಿಷಯದಲ್ಲಿ ನಮ್ಮ ತೀರ್ಮಾನಗಳು ಬಹುಮಟ್ಟಿಗೆ ಟಿ.ವಿ.ಯಿಂದ ಬಂದವು. 2003ರಲ್ಲಿ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಹುಡುಗನ ಹಿಂದೆಯೇ ಓಡಾಡಿದ ಚಪ್ಪಟೆ ಮೂತಿಯ ಪಗ್ ನಾಯಿಗೆ ದೇಶದಾದ್ಯಂತ ಬೇಡಿಕೆ ಬಂತು. ಆ ಚಪ್ಪಟೆ ಮೂತಿಯಿಂದಾಗಿಯೇ ಅದಕ್ಕೆ ನಮ್ಮ ಸೆಕೆಯಲ್ಲಿ ಉಸಿರಾಟದ ತೊಂದರೆ ಎಂಬುದು ಕೊಂಡವರಿಗೆ ಆಮೇಲೆ ತಿಳಿಯಿತು. ಸೈಬೀರಿಯದ ಹಿಮಕ್ಕೆಂದೇ ಹುಟ್ಟಿದ ಹಸ್ಕಿ ನಾಯಿ ಏಪ್ರಿಲ್ ತಿಂಗಳಲ್ಲಿ ತಾರಸಿ ಮನೆಯ ನೆಲಕ್ಕೆ ಹೊಟ್ಟೆ ಒತ್ತಿ ಮಲಗಿರುವ ದೃಶ್ಯವೂ ಈಗ ಅಪರೂಪವಲ್ಲ.

ಹಣ ಕೊಡದೆಯೂ ನಾಯಿ ಪಡೆಯುವ ಇನ್ನೊಂದು ದಾರಿ ಉಂಟು. ಬೀದಿಯಲ್ಲಿ ತಾಯಿ ಸತ್ತ, ವಾಹನಕ್ಕೆ ಸಿಕ್ಕ, ಚೀಲದಲ್ಲಿ ಕಟ್ಟಿ ಎಸೆದ ಮರಿಗಳನ್ನು ಎತ್ತಿ ತಂದು ಗುಣಪಡಿಸಿ ಸಾಕುವವರಿಗೆ ಕೊಡುವ ಸಂಸ್ಥೆಗಳು ನಮ್ಮ ನಗರಗಳಲ್ಲಿವೆ. ಚೆನ್ನೈನ ಬ್ಲೂ ಕ್ರಾಸ್ 1964ರಷ್ಟು ಹಳೆಯದು. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಮಹಿಳೆ ‘ಕ್ಯೂಪಾ’ ಸಂಸ್ಥೆಯನ್ನು ಆರಂಭಿಸಿದ್ದು 1991ರಲ್ಲಿ. ಆಶ್ರಯಧಾಮಗಳಲ್ಲಿ ಜಾಗ ಎಂದೂ ಸಾಲುವುದಿಲ್ಲ. ಆದ್ದರಿಂದ ಕೆಲವರು ಒಂದೆರಡು ಮರಿಗಳನ್ನು ತಮ್ಮ ಮನೆಗೇ ಒಯ್ದು, ಕಾಯಂ ಮನೆ ಸಿಗುವವರೆಗೆ ಸಾಕುತ್ತಾರೆ. ಇಂಥ ಮನೆಗೆ ‘ಫಾಸ್ಟರ್ ಮನೆ’ ಎಂದು ಹೆಸರು. ಮರಿಯ ಪಾಲಿಗೆ ಅದು ತವರುಮನೆ ಎಂದರೂ ಸಲ್ಲುತ್ತದೆ.

ಇಂಥ ಮನೆಗೆ ಮಕ್ಕಳ ಸಮೇತ ಹೋದಾಗ ನಡೆಯುವುದನ್ನು ಊಹಿಸಬಹುದು. ಮೂರು ಮರಿಗಳಲ್ಲಿ ಎರಡು ಓಡಿಬಂದು ಚಪ್ಪಲಿ ಕಚ್ಚುತ್ತವೆ. ಮೂರನೆಯದು, ವಯಸ್ಸಿನಲ್ಲಿ ಸ್ವಲ್ಪ ದೊಡ್ಡದು, ಆರೇಳು ತಿಂಗಳಿನದು, ಸೋಫಾದ ಹಿಂದೆ ಗೋಡೆಗೆ ಅಂಟಿಕೊಂಡು ನಿಂತಿರುತ್ತದೆ. ಬಾಲ ಹೊಟ್ಟೆಯಡಿ. ಯಾರಾದರೂ ನೋಡಿದರೆ ಮುಖ ಆಚೆ ತಿರುಗಿಸುತ್ತದೆ. ‘ನಾಯಿ ಬಾಲ ಡೊಂಕು’ ಎಂಬ ಗಾದೆ ಇದಕ್ಕೆ ಅನ್ವಯಿಸುವ ಕಾಲ ಇನ್ನೂ ಬಂದಿರುವುದಿಲ್ಲ. ಬಂದವರೆಲ್ಲ ಚಪ್ಪಲಿ ಕಚ್ಚಿದವನ್ನೇ ಎತ್ತಿಕೊಂಡು ಹೋಗುವುದರಿಂದ ಈ ಮೂರನೆಯದು ಅಲ್ಲೇ ದೊಡ್ಡದಾಗುತ್ತದೆ. ದೊಡ್ಡದಾದಷ್ಟೂ ಅದಕ್ಕೆ ಮನೆ ಸಿಗುವ ಅವಕಾಶ ಕಡಿಮೆ.

ಈ ಅಂಜಿಕೆ ಎಲ್ಲಿಂದ ಬಂತು? ‘ಯಾರೋ ಹೊಡೆದಿರಬೇಕು, ಪಾಪ’ ಎಂಬುದು ಸಾಮಾನ್ಯ ಉತ್ತರ. ಅದು ನಿಜವಿರಬಹುದು. ಆದರೆ ಹೊಡೆತವನ್ನೇ ಕಾಣದ ನಾಯಿಯೂ ಹೀಗಿರಬಲ್ಲದು ಎಂಬುದಕ್ಕೆ ಪ್ರಯೋಗದ ಆಧಾರವಿದೆ. ಅಮೆರಿಕದಲ್ಲಿ ಫ್ರೀಡ್‌ಮನ್ ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ಮರಿಗಳನ್ನು ಬೆಳೆಸಲಾಯಿತು. ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಅವುಗಳಿಗೆ ಮನುಷ್ಯರ ಒಡನಾಟ ಕೊಟ್ಟರು. ಎಳೆಯ ವಯಸ್ಸಿನಲ್ಲೇ ಮನುಷ್ಯರನ್ನು ಕಂಡ ಮರಿಗಳು ಸುಲಭವಾಗಿ ಹೊಂದಿಕೊಂಡವು. ಹದಿನಾಲ್ಕು ವಾರದವರೆಗೆ ಯಾರ ಒಡನಾಟವೂ ಇಲ್ಲದೆ ಬೆಳೆದವು ಕಾಡುಪ್ರಾಣಿಗಳಂತೆ ವರ್ತಿಸಿದವು. ಅವನ್ನು ಯಾರೂ ಹೊಡೆದಿರಲಿಲ್ಲ, ಹೆದರಿಸಿರಲಿಲ್ಲ. ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು 1965ರ ತಮ್ಮ ಗ್ರಂಥದಲ್ಲಿ ಇದನ್ನೇ ವಿಸ್ತರಿಸಿ, ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿ ನಾಯಿಯ ಸಾಮಾಜಿಕ ಬೆಳವಣಿಗೆಯಲ್ಲಿ ನಿರ್ಣಾಯಕವೆಂದು ವಿವರಿಸಿದರು. ಆ ಒಂಬತ್ತು ವಾರಗಳಲ್ಲಿ ಮರಿ ಕಂಡದ್ದೆಲ್ಲ ಅದಕ್ಕೆ ‘ಸಹಜ’, ಕಾಣದ್ದು ‘ಅಪಾಯ’. ಚರಂಡಿಯ ಮೋರಿಯೊಳಗೆ ಆ ವಾರಗಳನ್ನು ಕಳೆದ ಮರಿಗೆ ಫ್ಯಾನು, ಕುಕ್ಕರಿನ ಸೀಟಿ, ಟಿ.ವಿ. ಎಲ್ಲವೂ ಎರಡನೆಯ ಪಟ್ಟಿಗೆ ಸೇರುತ್ತವೆ.

ಅಂಜಿಕೆಗೆ ಇನ್ನೊಂದು ಮುಖವೂ ಇದೆ. ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು ಬಂಗಾಳದ ಬೀದಿಗಳಲ್ಲಿ 364 ಮರಿಗಳನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರಾಯಕ್ಕೆ ಬರುವವರೆಗೆ ಬದುಕುಳಿದವು ಶೇಕಡ 19 ಮಾತ್ರ. ಸಾವುಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯರಿಂದಲೇ ಆದವು. ಇಂಥ ಕಡೆ ಮನುಷ್ಯರನ್ನು ಕಂಡು ದೂರ ಸರಿಯುವ ಮರಿಯನ್ನು ‘ಪುಕ್ಕಲು’ ಎನ್ನುವುದು ಎಷ್ಟು ಸರಿ? ಅದು ತನ್ನ ಲೆಕ್ಕವನ್ನು ಸರಿಯಾಗಿಯೇ ಮಾಡಿದೆ.

ಮೊದಲ ಭೇಟಿಯಲ್ಲೇ ಮರಿಯನ್ನು ತಂದುಬಿಡುವ ಆತುರ ಬೇಡ. ಎರಡು ಮೂರು ಬಾರಿ ಹೋಗಿ, ಮರಿಯ ಕಡೆ ನೋಡದೆ, ನೆಲದ ಮೇಲೆ ಕುಳಿತು ಮಾತಾಡಿ ಬರುವುದೇ ಒಳ್ಳೆಯದು. ಫಾಸ್ಟರ್ ಮನೆಯವರನ್ನು ಕೇಳಬೇಕಾದದ್ದು ಬಹಳ ಇದೆ. ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಪೊರಕೆ ಕಂಡರೆ ಹೆದರುತ್ತದೆಯೆ, ಗಂಡಸರ ದನಿಗೆ ಬೆಚ್ಚುತ್ತದೆಯೆ, ಬೇರೆ ನಾಯಿಯ ಜೊತೆ ಇದ್ದರೆ ಧೈರ್ಯ ಬರುತ್ತದೆಯೆ? ಲಸಿಕೆಯ ಕಾರ್ಡನ್ನೂ ಅದು ದಿನವೂ ಮಲಗುತ್ತಿದ್ದ ಹಳೆಯ ಬಟ್ಟೆಯನ್ನೂ ಕೇಳಿ ತರಬೇಕು. ಬಟ್ಟೆಯನ್ನು ಒಗೆಯಬಾರದು. ನಾಯಿಯ ಮೂಗಿಗೆ ಪರಿಚಿತ ವಾಸನೆಗಿಂತ ದೊಡ್ಡ ಸಮಾಧಾನವಿಲ್ಲ.

ಅವರೂ ನಿಮ್ಮನ್ನು ಪ್ರಶ್ನಿಸುತ್ತಾರೆ. ಮನೆ ಸ್ವಂತದ್ದೆ, ಬಾಡಿಗೆಯದೆ? ಮಾಲೀಕರ ಒಪ್ಪಿಗೆ ಇದೆಯೆ? ಹಗಲೆಲ್ಲ ಯಾರು ಇರುತ್ತಾರೆ? ಹೆಣ್ಣು ನೋಡಲು ಬಂದವರನ್ನೇ ಸಂದರ್ಶನ ಮಾಡಿದಂತೆ ಇದೆಯಲ್ಲ ಎಂದು ಕೆಲವರಿಗೆ ಮುಜುಗರವಾಗುತ್ತದೆ. ಆದರೆ ತಂದ ಮರಿಯನ್ನು ತಿಂಗಳಲ್ಲೇ ಹಿಂದಿರುಗಿಸುವವರನ್ನು ಕಂಡು ಕಂಡು ಅವರು ಕಲಿತ ಪಾಠ ಅದು.

ಮೊದಲ ರಾತ್ರಿ

ಹೊಸ ಮನೆಗೆ ಬಂದ ಮರಿ ಮೊದಲ ರಾತ್ರಿ ಮಂಚದಡಿ ಹೊಕ್ಕು ಹೊರಗೇ ಬರದಿರಬಹುದು. ಅನ್ನ ಮುಟ್ಟದಿರಬಹುದು. ನೆರೆಹೊರೆಯ ಮಕ್ಕಳೆಲ್ಲ ನೋಡಲು ಬಂದಿರುತ್ತಾರೆ. ಮನೆಯ ಹುಡುಗ ಮಾತ್ರ ಅಳುಮೋರೆ ಹಾಕಿಕೊಂಡು ‘ಇದಕ್ಕೆ ನಾನು ಬೇಡವೆ?’ ಎಂದು ಕೇಳುತ್ತಾನೆ. ತಂದೆತಾಯಂದಿರ ನಿಜವಾದ ಕೆಲಸ ಆರಂಭವಾಗುವುದು ಇಲ್ಲಿ. ಮಂಚದಡಿಯಿಂದ ಮರಿಯನ್ನು ಎಳೆದು ಮಗನ ತೊಡೆಯ ಮೇಲೆ ಇಟ್ಟರೆ ಮಗನಿಗೆ ಆ ಕ್ಷಣ ಖುಷಿಯಾದೀತು. ಮರಿಗೆ ಮಾತ್ರ ಒಂದೇ ಒಂದು ಆಶ್ರಯವೂ ಸುರಕ್ಷಿತವಲ್ಲ ಎಂಬುದು ಖಚಿತವಾಗುತ್ತದೆ.

ಮಾಡಬೇಕಾದದ್ದು ಸರಳ, ಆದರೆ ತಾಳ್ಮೆಯದು. ಜನರ ಓಡಾಟವಿಲ್ಲದ ಒಂದು ಮೂಲೆಯಲ್ಲಿ ಆ ಹಳೆಯ ಬಟ್ಟೆ ಹಾಸಿ, ನೀರಿಟ್ಟು, ಮರಿಯನ್ನು ಅದರ ಪಾಡಿಗೆ ಬಿಡುವುದು. ಹುಡುಗ ಐದಾರು ಅಡಿ ದೂರದಲ್ಲಿ, ಮರಿಗೆ ಪಕ್ಕ ತಿರುಗಿ ಕುಳಿತು, ಮೆಲುದನಿಯಲ್ಲಿ ತನ್ನ ಪಾಠ ಓದಿಕೊಳ್ಳಲಿ. (ನಾಯಿಯ ನೆಪದಲ್ಲಾದರೂ ಪಾಠ ಆಗಲಿ!) ನಡುನಡುವೆ ಬೇಯಿಸಿದ ಕೋಳಿಯ ಸಣ್ಣ ತುಂಡನ್ನೋ ಮೊಟ್ಟೆಯ ಚೂರನ್ನೋ ಮರಿಯ ಕಡೆ ಉರುಳಿಸಿ, ನೋಡದಂತಿರಬೇಕು. ಸಸ್ಯಾಹಾರಿಗಳ ಮನೆಯಲ್ಲಿ ಪನೀರು ಸಾಕು. ನಾಳೆ ಐದಡಿ ನಾಲ್ಕಾಗುತ್ತದೆ. ಗಂಟೆಯ ಸದ್ದಿಗೂ ಅನ್ನಕ್ಕೂ ನಂಟು ಬೆಳೆಸಿ ಪಾವ್ಲೋವ್ ತೋರಿಸಿದ ತತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಅಲ್ಲಿ ಗಂಟೆ, ಇಲ್ಲಿ ಮನುಷ್ಯ. ವ್ಯತ್ಯಾಸವೆಂದರೆ ಇಲ್ಲಿ ಹಳೆಯದೊಂದು ಕೆಟ್ಟ ನಂಟನ್ನು ಅಳಿಸಿ ಹೊಸದನ್ನು ಬರೆಯಬೇಕು. ಬಳಪದ ಹಲಗೆಯಷ್ಟು ಬೇಗ ಅದು ಅಳಿಸುವುದಿಲ್ಲ.

ಅದೇ ಐಸರ್ ಸಂಸ್ಥೆಯವರು 2017ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಕುತೂಹಲಕರವಾಗಿದೆ. ಅಪರಿಚಿತರ ಮೇಲೆ ಬೀದಿನಾಯಿಗಳಿಗೆ ನಂಬಿಕೆ ಬೆಳೆಯುವುದು ತಿಂಡಿಗಿಂತ ಹೆಚ್ಚಾಗಿ ತಲೆ ಸವರುವುದರಿಂದ ಎಂದು ಅವರು ಕಂಡರು. ಇದನ್ನು ಓದಿ ಅಂಜಿದ ಮರಿಯ ತಲೆಯನ್ನು ಸವರಲು ಹೊರಡಬಾರದು. ಮೇಲಿನಿಂದ ಇಳಿದು ಬರುವ ಕೈ ಅದರ ಕಣ್ಣಿಗೆ ಹೊಡೆಯುವ ಕೈ. ಮರಿ ತಾನಾಗಿ ಬಂದು ಮೂಸಿದ ಮೇಲೆ, ಎದೆಯ ಬಳಿ, ಎರಡು ಕ್ಷಣ ಸವರಿ ನಿಲ್ಲಿಸಬೇಕು. ಮತ್ತೆ ಬೇಕೆಂದರೆ ಅದೇ ಮೂತಿಯಿಂದ ತಿವಿಯುತ್ತದೆ.

ನಾಯಿ ಮಾತಾಡುವುದಿಲ್ಲ ಎನ್ನುವವರು ಅದರ ಮೈಯನ್ನು ಓದಿಲ್ಲ. ಸುಮ್ಮನೆ ಆಕಳಿಸುವುದು, ತಿಂಡಿ ಇಲ್ಲದೆಯೂ ತುಟಿ ನೆಕ್ಕುವುದು, ಕಿವಿ ಹಿಂದಕ್ಕೆ ಮಡಚುವುದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು ಎಲ್ಲ ‘ಸ್ವಲ್ಪ ದೂರ ಇರಿ’ ಎಂಬ ಮಾತುಗಳೇ. ಇವನ್ನು ಕೇಳದಿದ್ದಾಗ ಗುರುಗುಟ್ಟುತ್ತದೆ. ಗುರುಗುಟ್ಟಿತೆಂದು ಹೊಡೆಯುವುದು ಬಹಳ ಮನೆಗಳಲ್ಲಿ ಆಗುವ ಅನಾಹುತ. ಹೊಡೆತದಿಂದ ಭಯ ಹೋಗುವುದಿಲ್ಲ, ಗುರುಗುಟ್ಟುವುದು ಮಾತ್ರ ನಿಲ್ಲುತ್ತದೆ. ಮುಂದಿನ ಸಲ ಎಚ್ಚರಿಕೆ ಇಲ್ಲದೆ ಹಲ್ಲು ಬೀಳುತ್ತದೆ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ನಂಬಿ ಅಂಜಿದ ನಾಯಿಯನ್ನು ಮೂಲೆಗೆ ಒತ್ತಬಾರದೆಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು. ಉಣ್ಣುವಾಗ, ಮಲಗಿದಾಗ ಮುಟ್ಟಕೂಡದು. ತಪ್ಪಿ ಹಲ್ಲು ತಗುಲಿ ಗೀರಿದರೂ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ವೈದ್ಯರ ಬಳಿ ಹೋಗಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವವರು ಇಲ್ಲವೆನ್ನುವಷ್ಟು ವಿರಳ. ಮರಿಗೆ ಮೂರು ತಿಂಗಳು ತುಂಬಿದ ಮೇಲೆ ಹಾಕಿಸುವ ಲಸಿಕೆಯನ್ನೂ ಅನಂತರ ಪಶುವೈದ್ಯರು ಹೇಳಿದ ಕಾಲಕ್ಕೆ ಹಾಕಿಸುವುದನ್ನೂ ಮರೆಯುವಂತಿಲ್ಲ.

ನಮ್ಮ ನಾಡಿಗೆ ಕೆಚ್ಚೆದೆಯ ನಾಯಿಗಳ ಹೆಮ್ಮೆ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಶಾಸನವೊಂದು ಸಿಕ್ಕಿದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ಮಣಲೆರ ಎಂಬ ವೀರ ನಿಲ್ಲಿಸಿದ್ದು ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಮಕ್ಕಳಿಗೆ ತೋರಿಸಬಹುದು. ಆದರೆ ತಂದ ಮರಿಯಿಂದ ಕಾಳಿಯ ಪರಾಕ್ರಮ ನಿರೀಕ್ಷಿಸಿ, ‘ಕಳ್ಳ ಬಂದರೂ ಇದು ಮಂಚದಡಿಯೇ’ ಎಂದು ಹಂಗಿಸುವುದು ನ್ಯಾಯವಲ್ಲ.

ಎಷ್ಟು ದಿನ ಬೇಕು? ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕ ಬಳಕೆಯಲ್ಲಿದೆ: ಮೊದಲ ಮೂರು ದಿನ ಗಾಬರಿ, ಮೂರು ವಾರಕ್ಕೆ ಮನೆಯ ದಿನಚರಿಯ ಪರಿಚಯ, ಮೂರು ತಿಂಗಳಿಗೆ ‘ಇದು ನನ್ನ ಮನೆ’ ಎಂಬ ಭಾವ. ಇದು ಅನುಭವಸ್ಥರ ಅಂದಾಜೇ ಹೊರತು ನ್ಯೂಟನ್ನನ ನಿಯಮವಲ್ಲ. ಕೆಲವಕ್ಕೆ ವರ್ಷವೇ ಬೇಕಾಗುತ್ತದೆ. ಕೆಲವು ಮನೆಯವರೊಡನೆ ಹೊಂದಿಕೊಂಡರೂ ಅತಿಥಿ ಬಂದರೆ ಕೊನೆಯವರೆಗೂ ಅಡಗುತ್ತವೆ. ಅಷ್ಟಕ್ಕೆ ಒಪ್ಪಿಗೆ ಇದ್ದವರು ಮಾತ್ರ ಇಂಥ ಮರಿಯನ್ನು ತರಬೇಕು. ಹತ್ತನೆಯ ತರಗತಿಯ ಮಕ್ಕಳಿರುವ ಮನೆಯವರು ಇನ್ನೊಂದನ್ನೂ ಲೆಕ್ಕ ಹಾಕುವುದು ಮೇಲು. ನಾಯಿ ಹನ್ನೆರಡು ಹದಿಮೂರು ವರ್ಷ ಬದುಕುತ್ತದೆ; ಮಗ ಕಾಲೇಜಿಗೆಂದು ಹಾಸ್ಟೆಲ್ ಸೇರಿದ ಮೇಲೆ ಅದು ಅಪ್ಪ ಅಮ್ಮನ ನಾಯಿ.

ಕಾನೂನಿನ ಮಾತೂ ಇದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ ಹಿಡಿದಲ್ಲಿಗೇ ಬಿಡುವ ಪದ್ಧತಿ ಇತ್ತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಈ ವಿಷಯ ಕೈಗೆತ್ತಿಕೊಂಡು ನೀಡಿದ ಆದೇಶದಲ್ಲಿ, ಪ್ರಾಣಿಪ್ರಿಯರು ಪಾಲಿಕೆಗೆ ಅರ್ಜಿ ಹಾಕಿ ಬೀದಿನಾಯಿಯನ್ನು ದತ್ತು ಪಡೆಯಬಹುದೆಂದು ಹೇಳಿತು. ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆಯೂ ಅವರದೇ. ಆದ್ದರಿಂದ ಹೊಂದಿಕೆಯಾಗದ ಮರಿಯನ್ನು ಊರಾಚೆ ಬಿಟ್ಟು ಬರುವಂತಿಲ್ಲ. ತಂದ ಫಾಸ್ಟರ್ ಮನೆಗೆ ಫೋನು ಮಾಡಿದರೆ ಸಲಹೆ ಸಿಗುತ್ತದೆ. ಆಗಲೇ ಇಲ್ಲವೆಂದರೆ ಅವರಿಗೇ ಒಪ್ಪಿಸಬೇಕು. ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ.

ಇನ್ನು ಓಡಿಹೋಗುವ ಭಯ. ಅಂಜುಬುರುಕ ನಾಯಿ ಕಳೆದುಹೋಗುವುದು ಹೆಚ್ಚಾಗಿ ಮೊದಲ ವಾರಗಳಲ್ಲೇ. ಗೇಟು ತೆರೆದ ಒಂದು ಕ್ಷಣ, ಲಾರಿಯ ಒಂದು ಹಾರ್ನು ಸಾಕು. ಬರಿಯ ಕೊರಳಪಟ್ಟಿಯನ್ನು ಹಿಂದಕ್ಕೆ ಜಗ್ಗಿ ಕಳಚಿಕೊಳ್ಳುತ್ತದೆ. ಆದ್ದರಿಂದ ಎದೆಗೂ ಸುತ್ತುವ ಬೆಲ್ಟು ಬೇಕು. ಕೊರಳಲ್ಲಿ ಫೋನ್ ನಂಬರಿನ ಬಿಲ್ಲೆ ಇರಲಿ. ದೀಪಾವಳಿಯಂತೂ ದೊಡ್ಡ ಪರೀಕ್ಷೆ. ಮನುಷ್ಯನ ಕಿವಿ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನಗಳವರೆಗೆ ಕೇಳಿಸಿಕೊಂಡರೆ ನಾಯಿಯದು ನಲವತ್ತು ಸಾವಿರವನ್ನೂ ದಾಟುತ್ತದೆ. ನಮಗಿಂತ ಎಷ್ಟೋ ಮೆಲ್ಲಗಿನ ಸದ್ದೂ ಅದಕ್ಕೆ ಕೇಳುತ್ತದೆ. ಹಬ್ಬದ ಮೂರು ದಿನ ಸಂಜೆಯ ತಿರುಗಾಟವನ್ನು ಬೆಳಕಿರುವಾಗಲೇ ಮುಗಿಸಿ, ಕಿಟಕಿ ಮುಚ್ಚಿ, ಒಳಕೋಣೆಯಲ್ಲಿ ರೇಡಿಯೋ ಹಾಕಿ, ಮನೆಯವರೊಬ್ಬರು ಅದರ ಜೊತೆ ಕುಳಿತುಕೊಳ್ಳಬೇಕು. ಯಾರು ಕೂರುವುದೆಂದು ಮಕ್ಕಳು ಮೊದಲೇ ಪಾಳಿ ಗೊತ್ತುಮಾಡಿಕೊಳ್ಳಲಿ.